ಒಂದೇ ಚೀಲದಲ್ಲಿ ಮೂರೂರಿನ ಗುಳಿಗೆ

ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗವನ್ನು ಬಿಟ್ಟು ಬಂದವು. ಜಗಳೂರು ಚಿತ್ರದುರ್ಗವನ್ನು ಬಿಟ್ಟು ಬಂತು. ನ್ಯಾಮತಿ ಆಗಿನ್ನೂ ಹೊನ್ನಾಳಿಯ ಮಡಿಲಲ್ಲೇ ಇತ್ತು, ತಾಲ್ಲೂಕಾದದ್ದು ಎಷ್ಟೋ ವರ್ಷಗಳ ಮೇಲೆ. ಕಚೇರಿಯ ಕಡತಗಳೇನೋ ದಾವಣಗೆರೆಗೆ ಬಂದು ಸೇರಿದವು. ಆದರೆ ಕಾಯಿಲೆ ಬಿದ್ದಾಗ ಜನ ಹತ್ತುವ ಬಸ್ಸು ಕಡತದ ಮಾತು ಕೇಳುವುದಿಲ್ಲ. ಹೊನ್ನಾಳಿ, ನ್ಯಾಮತಿಯವರು ಇಂದಿಗೂ ಮೊಣಕಾಲಿಗೆ ಶಿವಮೊಗ್ಗದ ಡಾಕ್ಟರನ್ನೇ ನೆಚ್ಚುತ್ತಾರೆ. ಚನ್ನಗಿರಿಯವರಿಗೆ ಅತ್ತ ಶಿವಮೊಗ್ಗ, ಇತ್ತ ದಾವಣಗೆರೆ. ಜಗಳೂರಿನವರಿಗೆ ದಾವಣಗೆರೆ ಆಗದಿದ್ದರೆ ಚಿತ್ರದುರ್ಗ.

ಇದರಲ್ಲಿ ತಪ್ಪೇನೂ ಇಲ್ಲ. ನಂಬಿಕೆ ಇರುವ ಕಡೆ ಹೋಗಬೇಕು. ತೊಂದರೆ ಇರುವುದು ಮನೆಯ ಗೂಟಕ್ಕೆ ನೇತುಹಾಕಿದ ಬಟ್ಟೆ ಅಂಗಡಿಯ ಕೈಚೀಲದಲ್ಲಿ. ಮೊಣಕಾಲಿನ ಗುಳಿಗೆ ಶಿವಮೊಗ್ಗದ್ದು, ನಿದ್ದೆಯ ಗುಳಿಗೆ ದಾವಣಗೆರೆಯದ್ದು, ಸಕ್ಕರೆ ಕಾಯಿಲೆಯದ್ದು ಊರಿನದ್ದು. ಜೊತೆಗೆ ಸಂತೆಯ ದಿನ ಔಷಧದ ಅಂಗಡಿಯಲ್ಲಿ 'ಮೈಕೈ ನೋವಿಗೆ ನಾಲ್ಕು ಕೊಡಪ್ಪ' ಎಂದು ತಂದ, ಹೆಸರೇ ಕತ್ತರಿಸಿಹೋದ ಪಟ್ಟಿಯ ತುಣುಕು. ಬರೆದ ಮೂವರು ವೈದ್ಯರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಬರೆದಿರುತ್ತಾರೆ. ಅವರು ಬರೆದದ್ದೆಲ್ಲ ಒಂದೆಡೆ ಸೇರುವುದು ಆ ಚೀಲದಲ್ಲಿ, ಆಮೇಲೆ ಹೊಟ್ಟೆಯಲ್ಲಿ. ಚೀಲವನ್ನು ಪೂರ್ತಿ ನೋಡಿದವರು ಯಾರೂ ಇಲ್ಲ.

ಈ ವಾರ ಆ ಚೀಲದಲ್ಲಿರುವ ಒಂದೇ ಒಂದು ಜಾತಿಯ ಗುಳಿಗೆಯ ಬಗ್ಗೆ ಬರೆಯುತ್ತೇನೆ. ಅಫೀಮಿನ ಬಳಗಕ್ಕೆ ಸೇರಿದ ಔಷಧವೊಂದನ್ನು ಪ್ಯಾರಾಸಿಟಮಾಲ್‌ನಂಥ ಸಾಧಾರಣ ನೋವಿನ ಔಷಧದೊಡನೆ ಬೆರೆಸಿ ಮಾಡಿದ ಜೋಡಿ ಗುಳಿಗೆ ಅದು. ಇಂದು ನಮ್ಮ ಕಡೆ ಹೆಚ್ಚಾಗಿ ಕಾಣುವುದು ಟ್ರಮಡಾಲ್ ಮತ್ತು ಪ್ಯಾರಾಸಿಟಮಾಲ್ ಜೋಡಿ: ಮೊದಲನೆಯದು 37.5 ಮಿಲಿಗ್ರಾಂ, ಎರಡನೆಯದು 325. ಟ್ರಮಡಾಲ್ ಜೊತೆ ಡೈಕ್ಲೊಫೆನಾಕ್ ಅಥವಾ ಅಸಿಕ್ಲೊಫೆನಾಕ್ ಸೇರಿಸಿದ್ದೂ ಉಂಟು. ಹೊಟ್ಟೆ ನುಲಿತಕ್ಕೆಂದು ಡೈಸೈಕ್ಲೊಮಿನ್ ಸೇರಿಸಿದ್ದೂ ಉಂಟು. ಕೊಡೀನ್, ಟಾಪೆಂಟಡಾಲ್ ಇದೇ ಬಳಗದ ಇನ್ನಿಬ್ಬರು.

ಜೋಡಿ ಮಾಡುವುದರ ಹಿಂದಿನ ತರ್ಕ ಸರಿಯಾದದ್ದೇ. ನೋವನ್ನು ಎರಡು ದಾರಿಯಿಂದ ತಡೆದರೆ ಎರಡೂ ಔಷಧ ಕಡಿಮೆ ಪ್ರಮಾಣದಲ್ಲಿ ಸಾಕಾಗುತ್ತವೆ. ಆದರೆ ಜೋಡಿಯೆಂದ ಮೇಲೆ ಅಪಾಯವೂ ಎರಡು ದಾರಿಯಿಂದ ಬರಬಹುದು ಎಂಬುದನ್ನು ಯಾರೂ ಹೇಳುವುದಿಲ್ಲ. ಒಂದು ಮಿದುಳಿನ ದಾರಿ, ಇನ್ನೊಂದು ಯಕೃತ್ತಿನ ದಾರಿ. ತಿನ್ನುವವರ ಪಾಲಿಗೆ ಮಾತ್ರ ಅದು ಒಂದೇ ಬಿಳಿಯ ಗುಳಿಗೆ.

ಹಳಬರಿಗೆ ಪ್ರಾಕ್ಸಿವಾನ್ ನೆನಪಿರಬಹುದು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಹಲ್ಲು ಕೀಳಿಸಿಕೊಂಡವರಿಂದ ಹಿಡಿದು ಕೈ ಮುರಿದವರವರೆಗೆ ಎಲ್ಲರಿಗೂ ಗೊತ್ತಿದ್ದ ಹೆಸರು. ಅದರೊಳಗೆ ಪ್ಯಾರಾಸಿಟಮಾಲ್ ಜೊತೆ ಇದ್ದದ್ದು ಡೆಕ್ಸ್‌ಟ್ರೊಪ್ರೊಪಾಕ್ಸಿಫೀನ್ ಎಂಬ ಅಫೀಮು ಬಳಗದ ಔಷಧ. ಅದು ಹೃದಯದ ಬಡಿತದ ಲಯವನ್ನೇ ಕೆಡಿಸಬಲ್ಲುದು ಎಂಬುದು ನಿಧಾನವಾಗಿ ಖಚಿತವಾಯಿತು. ಮದ್ಯದ ಜೊತೆ ನುಂಗಿದರೆ ಸಾವಿಗೆ ಹೆಚ್ಚು ಗುಳಿಗೆಯೂ ಬೇಕಿರಲಿಲ್ಲ. ಬ್ರಿಟನ್ 2005ರಲ್ಲಿ ಅದನ್ನು ಹಿಂತೆಗೆದುಕೊಳ್ಳಲು ತೊಡಗಿತು, ಅಮೆರಿಕ 2010ರಲ್ಲಿ ನಿಲ್ಲಿಸಿತು, ನಮ್ಮ ಸರ್ಕಾರ 2013ರ ಮೇ ತಿಂಗಳಲ್ಲಿ ನಿಷೇಧಿಸಿತು. ಅಷ್ಟರಲ್ಲಿ ಈಶಾನ್ಯ ರಾಜ್ಯಗಳಲ್ಲಿ ಎಷ್ಟೋ ಹುಡುಗರು ಇದೇ ಜಾತಿಯ ಕ್ಯಾಪ್ಸೂಲಿನ ಪುಡಿಯನ್ನು ನೀರಿನಲ್ಲಿ ಕದಡಿ ರಕ್ತನಾಳಕ್ಕೆ ಚುಚ್ಚಿಕೊಂಡು ಕೈಕಾಲು ಕಳೆದುಕೊಂಡದ್ದೂ ಆಗಿತ್ತು.

ಅದು ತೆರವು ಮಾಡಿದ ಜಾಗಕ್ಕೆ ಬಂದು ಕುಳಿತದ್ದು ಟ್ರಮಡಾಲ್. 1977ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಈ ಔಷಧ ಬಹಳ ಕಾಲ 'ಚಟ ಹತ್ತದ ಸಾಧು' ಎಂಬ ಹೆಸರು ಹೊತ್ತಿತ್ತು. ಸಾಧುವಲ್ಲ ಎಂದು ಗೊತ್ತಾದ ಮೇಲೆ 2018ರ ಏಪ್ರಿಲಿನಲ್ಲಿ ಅದನ್ನು ನಮ್ಮ ಮಾದಕವಸ್ತು ಕಾಯ್ದೆಯ ಪಟ್ಟಿಗೆ ಸೇರಿಸಲಾಯಿತು. 2024ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 156 ಜೋಡಿ ಔಷಧಗಳ ಪಟ್ಟಿಯಲ್ಲಿ ಟ್ರಮಡಾಲ್, ಪ್ಯಾರಾಸಿಟಮಾಲ್, ಕೆಫೀನ್, ಟಾರಿನ್ ಎಂಬ ನಾಲ್ಕನ್ನು ಒಟ್ಟಿಗೆ ಕಲಸಿದ ಗುಳಿಗೆಯೂ ಇತ್ತು. ಸಾದಾ ಜೋಡಿಗೆ ಆ ನಿಷೇಧವಿಲ್ಲ. ವೈದ್ಯರು ನೋಡಿ, ಲೆಕ್ಕಹಾಕಿ, ನಾಲ್ಕಾರು ದಿನಕ್ಕೆ ಕೊಟ್ಟರೆ ಅದು ಉಪಯುಕ್ತ ಔಷಧವೇ. ಅಪಾಯವಿರುವುದು ಅದು ದೇಹದೊಳಗೆ ಯಾರನ್ನು ಭೇಟಿಯಾಗುತ್ತದೆ ಎನ್ನುವುದರಲ್ಲಿ.

ಮೊದಲ ಭೇಟಿ ಮದ್ಯದ ಜೊತೆ. ಇದನ್ನು ರೋಗಿಯ ಬಾಯಿಂದ ಹೊರಡಿಸುವುದೇ ಒಂದು ಕಲೆ. ನಮ್ಮ ಕಡೆ ಆ ಸಂಭಾಷಣೆ ಹೀಗೆ ನಡೆಯುತ್ತದೆ:

'ಕುಡಿಯೋದು ಏನಾರ ಐತಾ ಯಜಮಾನ್ರೇ?'

'ಛೇ ಛೇ, ಅಂಥಾದ್ದೇನಿಲ್ಲ ಸಾರ್. ಮೈಕೈ ನೋವಿದ್ದಾಗ ಒಂಚೂರು, ಅಷ್ಟೇ.'

'ಮೈಕೈ ನೋವು ಯಾವಾಗ ಬರ್ತೈತಿ?'

'ದಿನಾ ಇರ್ತೈತಲ್ಲ ಸಾರ್!'

ಬಾಗಿಲ ಬಳಿ ನಿಂತ ಹೆಂಡತಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಾಳೆ. ನಗುವ ವಿಷಯ ಇದಲ್ಲವೆಂದು ಆಕೆಗೂ ಗೊತ್ತು.

ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಿಂದ. ಸಾರಾಯಿ ಬಿಟ್ಟುಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮಿನ 90 ಮಿಲಿಲೀಟರಿನ ಪೊಟ್ಟಣಗಳು ಬಂದವು. ಅದರಲ್ಲಿ ಮದ್ಯಸಾರ ಶೇಕಡಾ 42.8. ಅಂದರೆ ಒಂದು 'ನೈಂಟಿ'ಯಲ್ಲಿ ಸುಮಾರು 30 ಗ್ರಾಂ ಶುದ್ಧ ಮದ್ಯಸಾರ. ಆರೋಗ್ಯವಂತ ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಸುಡಬಲ್ಲುದು. ಒಂದು ನೈಂಟಿ ಇಳಿಯಲು ಮೂರು ನಾಲ್ಕು ಗಂಟೆ ಬೇಕು, ಎರಡಕ್ಕೆ ಆರರಿಂದ ಎಂಟು. ಇತ್ತ ಟ್ರಮಡಾಲ್ ನುಂಗಿದ ಮೇಲೆ ಅದರ ಪ್ರಭಾವ ತುದಿ ಮುಟ್ಟುವುದು ಎರಡು ಮೂರು ಗಂಟೆಗೆ. ಸಂಜೆ ಏಳಕ್ಕೆ ಕುಡಿದು, ಒಂಬತ್ತಕ್ಕೆ ಊಟ ಮಾಡಿ, 'ಈಗ ಇಳಿದಿದೆ' ಎಂದುಕೊಂಡು ಹತ್ತಕ್ಕೆ ಗುಳಿಗೆ ನುಂಗಿದವನ ದೇಹದಲ್ಲಿ ಎರಡೂ ಸೇರಿಯೇ ಇರುತ್ತವೆ. ಅರ್ಧ ಗಂಟೆಯಲ್ಲಿ ನೋವು ಹೋಗಲಿಲ್ಲವೆಂದು ಇನ್ನೊಂದು ನುಂಗಿದರೆ, ನಡುರಾತ್ರಿಯ ಹೊತ್ತಿಗೆ ಎರಡು ಗುಳಿಗೆಯ ಬಲ ಒಂದೇ ಸಲ ಏರುತ್ತದೆ.

ಆಗ ನಡೆಯುವುದೇನು? ಉಸಿರಾಡು ಎಂದು ಅಪ್ಪಣೆ ಕೊಡುವ ಕೇಂದ್ರ ಮಿದುಳಿನ ಕಾಂಡದಲ್ಲಿದೆ. ನಾವು ನಿದ್ದೆಯಲ್ಲಿರಲಿ, ಎಚ್ಚರವಿರಲಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದ ಕೂಡಲೇ ಅದು ಉಸಿರನ್ನು ಚುರುಕುಗೊಳಿಸುತ್ತದೆ. ಅಫೀಮು ಬಳಗದ ಔಷಧ ಆ ಕಾವಲುಗಾರನಿಗೆ ಜೋಂಪು ಹತ್ತಿಸುತ್ತದೆ. ಮದ್ಯವೂ ಅದೇ ಕೆಲಸ ಮಾಡುತ್ತದೆ. ಒಂದೊಂದೇ ಬಂದಿದ್ದರೆ ತಡೆದುಕೊಳ್ಳುತ್ತಿದ್ದ ಕಾವಲುಗಾರ ಇಬ್ಬರೂ ಒಟ್ಟಿಗೆ ಬಂದರೆ ಮಲಗಿಬಿಡುತ್ತಾನೆ. ಉಸಿರು ನಿಮಿಷಕ್ಕೆ ಹದಿನಾರರಿಂದ ಹತ್ತಕ್ಕೆ, ಎಂಟಕ್ಕೆ, ಇನ್ನೂ ಕೆಳಕ್ಕೆ ಇಳಿಯುತ್ತದೆ. ಗಂಟಲಿನ ಸ್ನಾಯು ಸಡಿಲಗೊಂಡು ಗೊರಗೊರ ಸದ್ದು ಬರುತ್ತದೆ. ಪಕ್ಕದ ಕೋಣೆಯವರು 'ಇವತ್ತು ಅಪ್ಪನಿಗೆ ಒಳ್ಳೇ ನಿದ್ದೆ' ಎಂದುಕೊಳ್ಳುತ್ತಾರೆ. ಹೀಗೆ ನಿದ್ದೆಯಲ್ಲೇ ಹೋದವರನ್ನು ಊರು ಹೃದಯಾಘಾತದ ಲೆಕ್ಕಕ್ಕೆ ಸೇರಿಸಿ ಮಣ್ಣು ಮಾಡಿ ಬರುವುದು ಸುಲಭ.

ಮದ್ಯದ ಇನ್ನೊಂದು ದಾರಿ ಯಕೃತ್ತಿನದು. ಪ್ಯಾರಾಸಿಟಮಾಲ್ ಕರಗುವಾಗ ಅದರ ಸ್ವಲ್ಪ ಪಾಲು ವಿಷವಾಗಿ ಮಾರ್ಪಡುತ್ತದೆ. ಗ್ಲುಟಥಯೋನ್ ಎಂಬ ವಸ್ತು ಆ ವಿಷವನ್ನು ಹುಟ್ಟಿದಲ್ಲೇ ಕಟ್ಟಿಹಾಕುತ್ತದೆ. ದಿನಾ ಕುಡಿಯುವವರಲ್ಲಿ ಆ ವಿಷ ತಯಾರಾಗುವುದು ಹೆಚ್ಚು, ಕಟ್ಟಿಹಾಕುವ ದಾಸ್ತಾನು ಕಡಿಮೆ. ಸರಿಯಾಗಿ ಉಣ್ಣದವರಲ್ಲಿಯೂ ದಾಸ್ತಾನು ಕಡಿಮೆಯೇ. ಕುಡಿದು ಉಣ್ಣದೆ ಮಲಗುವವರ ಸ್ಥಿತಿಯನ್ನು ನೀವೇ ಊಹಿಸಿ.

ಆರೋಗ್ಯವಂತ ವಯಸ್ಕರಿಗೆ ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ಮೀರಬಾರದು. ನಿತ್ಯ ಕುಡಿಯುವವರಿಗೆ, ಯಕೃತ್ತು ಬಡವಾದವರಿಗೆ 2 ಗ್ರಾಂ ದಾಟಬಾರದೆಂದು ಅನೇಕ ವೈದ್ಯರು ಎಣಿಸುತ್ತಾರೆ. ಲೆಕ್ಕ ಹಾಕಿ ನೋಡೋಣ. ಸೊಂಟನೋವಿಗೆ ದಿನಕ್ಕೆ ಮೂರು ಜೋಡಿ ಗುಳಿಗೆ: 975 ಮಿಲಿಗ್ರಾಂ. ನಡುವೆ ಜ್ವರ ಬಂತೆಂದು 650ರ ಗುಳಿಗೆ ನಾಲ್ಕು: 2600. ನೆಗಡಿಗೆಂದು ತಂದ ಗುಳಿಗೆಯಲ್ಲೂ 500 ಇದೆ, ದಿನಕ್ಕೆ ಎರಡು: 1000. ಒಟ್ಟು 4575. ಮೂರು ಬೇರೆ ಬೇರೆ ಹೆಸರಿನ ಗುಳಿಗೆ, ಒಂದೇ ಔಷಧ, ಮಿತಿ ದಾಟಿ ಹೋಯಿತು. ಜೋಡಿ ಗುಳಿಗೆಯಲ್ಲಿ ಪ್ಯಾರಾಸಿಟಮಾಲ್ 325ನ್ನು ಮೀರಬಾರದೆಂದು 2011ರಲ್ಲಿ ನಿಯಮ ಮಾಡಿದ್ದು ಇದೇ ಭಯದಿಂದ. ಆದರೆ ಗುಳಿಗೆಯ ಮೇಲೆ ನಿಯಮ ಮಾಡಬಹುದು, ಚೀಲದ ಮೇಲೆ ಮಾಡಲಾಗದು. ಈ ವಿಷ ಏರಿದವರಿಗೆ ಮೊದಲ ದಿನ ಬರೀ ವಾಕರಿಕೆ. ಕಣ್ಣು ಹಳದಿಯಾಗುವುದು ಎರಡು ಮೂರು ದಿನ ಕಳೆದು. ಅಷ್ಟರಲ್ಲಿ ಕಾಮಾಲೆ ಎಂದು ನಾಟಿ ಔಷಧಿ ಹುಡುಕಿ ಹೊರಟರೆ ಕೈಯಲ್ಲಿದ್ದ ಸಮಯವೂ ಹೋಗುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ, ಎಂಟು ಗಂಟೆಯೊಳಗೆ ಸಿಕ್ಕರೆ ಅದರ ಗುಣ ಅತ್ಯಂತ ಹೆಚ್ಚು.

ಇನ್ನು ಚೀಲದ ಉಳಿದ ಗುಳಿಗೆಗಳು. ನಿದ್ದೆಗೆ, ಗಾಬರಿಗೆ ಕೊಡುವ ಆಲ್ಪ್ರಜೊಲಾಮ್, ಡಯಜೆಪಾಮ್, ಕ್ಲೊನಜೆಪಾಮ್‌ಗಳು ಮದ್ಯದ ಅಣ್ಣತಮ್ಮಂದಿರು. ಉಸಿರಿನ ಕಾವಲುಗಾರನನ್ನು ಮಲಗಿಸುವುದರಲ್ಲಿ ಅವೂ ಕೈಜೋಡಿಸುತ್ತವೆ. ಈ ಎರಡು ಬಳಗವನ್ನು ಕೂಡಿಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿ ತನ್ನ ಅತಿ ಕಠಿಣ ದರ್ಜೆಯ ಎಚ್ಚರಿಕೆಯನ್ನೇ ಹಾಕಿತು. ನರದ ಉರಿಗೆ, ಕಾಲಿನ ಜೋಮಿಗೆ ಬರೆಯುವ ಪ್ರೆಗಾಬಲಿನ್, ಗಾಬಾಪೆಂಟಿನ್‌ಗಳ ಬಗ್ಗೆ 2019ರಲ್ಲಿ ಇಂಥದೇ ಎಚ್ಚರಿಕೆ ಬಂತು. ಸೊಂಟನೋವಿನ ರೋಗಿಗೆ ಇವೆರಡನ್ನೂ ಒಂದೇ ಚೀಟಿಯಲ್ಲಿ ಬರೆಯುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ, ಅದನ್ನು ನೋಡಿ ಯಾರೂ ಹುಬ್ಬೇರಿಸುವುದಿಲ್ಲ. ಬರೆಯಲೇಬೇಕಾದಾಗ ಪ್ರಮಾಣ ಇಳಿಸಿ, ಮನೆಯವರಿಗೆ ಹೇಳಿ ಬರೆಯಬೇಕು. ನೆಗಡಿ, ತುರಿಕೆಯ ಮಂಪರು ಗುಳಿಗೆಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ ಎಂಬುದು ಬಹಳ ಜನಕ್ಕೆ ತಿಳಿಯದು.

ಮನಸ್ಸಿನ ಖಿನ್ನತೆಗೆ ಕೊಡುವ ಫ್ಲೂಆಕ್ಸಿಟಿನ್, ಎಸಿಟಲೋಪ್ರಾಮ್ ಮುಂತಾದವುಗಳದ್ದು ಬೇರೆಯೇ ಕಥೆ. ಟ್ರಮಡಾಲ್ ಬರೀ ಅಫೀಮಿನ ಕೆಲಸ ಮಾಡುವುದಿಲ್ಲ, ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನೂ ಏರಿಸುತ್ತದೆ. ಖಿನ್ನತೆಯ ಔಷಧವೂ ಅದನ್ನೇ ಏರಿಸುತ್ತದೆ. ಇಬ್ಬರೂ ಸೇರಿದರೆ ಬೆವರು, ನಡುಕ, ಜ್ವರ, ಕೈಕಾಲು ಸೆಳೆತ, ಗಲಿಬಿಲಿ ಬರಬಹುದು. ಹಳ್ಳಿಯಲ್ಲಿ ಇದನ್ನು ಚಳಿಜ್ವರವೆಂದೋ, ಗಾಳಿ ಸೋಕಿದೆಯೆಂದೋ ತಿಳಿದುಬಿಡುತ್ತಾರೆ. ಸೋಜಿಗವೆಂದರೆ, ಫ್ಲೂಆಕ್ಸಿಟಿನ್ ಟ್ರಮಡಾಲನ್ನು ಬಲಗೊಳಿಸುವ ಯಕೃತ್ತಿನ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಹೀಗಾಗಿ ನೋವು ಕಡಿಮೆಯಾಗುವುದಿಲ್ಲ, ರೋಗಿ ಇನ್ನೊಂದು ಗುಳಿಗೆ ನುಂಗುತ್ತಾನೆ, ಸೆರೊಟೋನಿನ್ ಮತ್ತಷ್ಟು ಏರುತ್ತದೆ.

ಕ್ಷಯಕ್ಕೆ ಚಿಕಿತ್ಸೆ ಪಡೆಯುತ್ತಿರುವವರೂ ಗಮನಿಸಬೇಕು. ರಿಫಾಂಪಿಸಿನ್ ಈ ಬಳಗದ ಹಲವು ಔಷಧಗಳನ್ನು ಬೇಗ ಹೊರದಬ್ಬಿ ಅವುಗಳ ಬಲ ಕುಗ್ಗಿಸುತ್ತದೆ. ಐಸೊನಯಾಜಿಡ್ ಪ್ಯಾರಾಸಿಟಮಾಲ್‌ನ ವಿಷದ ಪಾಲನ್ನು ಹೆಚ್ಚಿಸಬಲ್ಲುದು. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಜೋಡಿ ಗುಳಿಗೆಯಿಂದ ರಕ್ತ ಮತ್ತಷ್ಟು ತೆಳುವಾಗಬಹುದು. ಸಕ್ಕರೆ ಕಾಯಿಲೆಯವರಲ್ಲಿ, ಅದರಲ್ಲೂ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಗುಳಿಗೆ ತೆಗೆದುಕೊಳ್ಳುವವರಲ್ಲಿ, ಟ್ರಮಡಾಲ್ ಶುರುಮಾಡಿದ ಮೊದಲ ದಿನಗಳಲ್ಲಿ ಸಕ್ಕರೆ ದಿಢೀರನೆ ಕುಸಿದ ಉದಾಹರಣೆಗಳಿವೆ.

ಔಷಧಗಳ ಮಾತು ಇಷ್ಟಾಯಿತು. ಆದರೆ ಜೋಡಿ ಗುಳಿಗೆ ಭೇಟಿಯಾಗುವುದು ಔಷಧವನ್ನು ಮಾತ್ರವಲ್ಲ, ದೇಹದಲ್ಲಿ ಮೊದಲೇ ಬೀಡುಬಿಟ್ಟ ಕಾಯಿಲೆಯನ್ನೂ. ಇಲ್ಲಿ ಜಗಳೂರಿನ ಮಾತು ಬರಲೇಬೇಕು.

ಜಗಳೂರಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 1.5ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದು ಬಣ್ಣಕ್ಕೆ ತಿರುಗುವುದು ಮೊದಲ ಗುರುತು. ಮುಂದೆ ಅದು ಮೂಳೆಯಲ್ಲಿ ಕೂರುತ್ತದೆ, ಕೀಲುಗಳು ಬಿಗಿಯುತ್ತವೆ, ಬೆನ್ನು ಬಾಗಿ ಹಾಗೆಯೇ ನಿಂತುಬಿಡುತ್ತದೆ. ತುಂಗಭದ್ರೆಯ ನೀರನ್ನು ಈ ಸೀಮೆಯ 57 ಕೆರೆಗಳಿಗೆ ತುಂಬಿಸುವ ಯೋಜನೆಗಾಗಿ ಜನ ಅಷ್ಟು ಹೋರಾಡಿದ್ದು ಬೆಳೆಗಾಗಿ ಮಾತ್ರವಲ್ಲ. ಆದರೆ ಈಗಾಗಲೇ ಮೂಳೆಗಿಳಿದ ಫ್ಲೋರೈಡ್ ನೀರು ಬದಲಾದ ಕೂಡಲೇ ಇಳಿದುಹೋಗುವುದಿಲ್ಲ. ಆ ನೋವು ನಾಲ್ಕು ದಿನದ್ದಲ್ಲ, ನಾಲ್ಕು ದಿನಕ್ಕೆಂದು ಮಾಡಿದ ಗುಳಿಗೆ ಅಲ್ಲಿ ನಾಲ್ಕು ವರ್ಷ ನಡೆಯುತ್ತದೆ.

ಫ್ಲೋರೈಡ್ ದೇಹದಿಂದ ಹೊರಹೋಗುವುದು ಮೂತ್ರಪಿಂಡದ ಮೂಲಕ. ಟ್ರಮಡಾಲ್ ಮತ್ತು ಅದರಿಂದ ಹುಟ್ಟುವ ಸಕ್ರಿಯ ಅಂಶ ಹೊರಹೋಗುವುದೂ ಅದೇ ದಾರಿಯಲ್ಲಿ. ನೋವಿಗೆಂದು ಡೈಕ್ಲೊಫೆನಾಕ್ ಬೆರೆತ ಗುಳಿಗೆಯನ್ನೇ ವರ್ಷಗಟ್ಟಲೆ ನುಂಗಿದರೆ ಹಾಳಾಗುವುದು ಅದೇ ಮೂತ್ರಪಿಂಡ. ಮೂತ್ರಪಿಂಡ ಸೋತಾಗ ಮೂಳೆಗೆ ಫ್ಲೋರೈಡ್ ಮತ್ತಷ್ಟು ಸೇರುತ್ತದೆ, ನೋವು ಏರುತ್ತದೆ. ಇತ್ತ ಟ್ರಮಡಾಲ್ ರಕ್ತದಲ್ಲಿ ಉಳಿದು ಶೇಖರವಾಗುತ್ತದೆ. ಮೊದಲು ದಿನಕ್ಕೆ ಮೂರು ನುಂಗಿ ಓಡಾಡುತ್ತಿದ್ದ ಮುದುಕ ಈಗ ಎರಡು ನುಂಗಿ ದಿನವಿಡೀ ತೂಕಡಿಸುತ್ತಾನೆ. ಮನೆಯವರು ವಯಸ್ಸಾಯಿತು ಎನ್ನುತ್ತಾರೆ. ವಯಸ್ಸು ಒಂದೇ ತಿಂಗಳಲ್ಲಿ ಹಾಗೆ ಬರುವುದಿಲ್ಲ. ಇಂಥವರು ಒಮ್ಮೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಬೇಕು. ಮೂತ್ರಪಿಂಡ ತೀವ್ರವಾಗಿ ಸೋತಿದ್ದರೆ ಎರಡು ಸರದಿಗಳ ನಡುವೆ ಹನ್ನೆರಡು ಗಂಟೆಯಾದರೂ ಅಂತರ ಬೇಕು, ಕೆಲವರಿಗೆ ಔಷಧವನ್ನೇ ಬದಲಿಸಬೇಕು.

ನೀರು ಕಡಿಮೆಯಾದ ದೇಹದಲ್ಲಿ ಡೈಕ್ಲೊಫೆನಾಕ್ ಜಾತಿಯ ಗುಳಿಗೆ ಮೂತ್ರಪಿಂಡಕ್ಕೆ ಬೇಗ ಏಟು ಕೊಡುತ್ತದೆ. ಫೆಬ್ರುವರಿಯಲ್ಲಿ ಸಂತ ಸೇವಾಲಾಲರ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪಕ್ಕೆ ಮಾಲೆ ಧರಿಸಿ ದೂರದೂರದಿಂದ ಕಾಲ್ನಡಿಗೆಯಲ್ಲಿ ಬರುವವರಿಗೆ ಈ ಮಾತು. ಕಾಲು ಊದಿಕೊಂಡಾಗ ಮೊದಲು ನೀರು, ಉಪ್ಪು ಹಾಕಿದ ಮಜ್ಜಿಗೆ, ನೆರಳು; ಗುಳಿಗೆಯ ಮಾತು ಆಮೇಲೆ.

ಮೂರ್ಛೆರೋಗ ಇದ್ದವರಿಗೆ, ಹಿಂದೆ ತಲೆಗೆ ಪೆಟ್ಟಾದವರಿಗೆ ಟ್ರಮಡಾಲ್ ಕೊಡದಿರುವುದೇ ಲೇಸು. ಅದು ಸೆಳವನ್ನು ಹತ್ತಿರಕ್ಕೆ ಕರೆಯುತ್ತದೆ. ಕುಡಿತವನ್ನು ಥಟ್ಟನೆ ಬಿಟ್ಟವರಿಗೂ ಒಂದೆರಡು ದಿನದಲ್ಲಿ ಸೆಳವು ಬರುವುದುಂಟು. ಮಾಲೆ ಹಾಕಿದ್ದಕ್ಕೋ, ದೇವರ ಆಣೆಗೋ ಅಂದೇ ಕುಡಿತ ನಿಲ್ಲಿಸಿದವನಿಗೆ ಮೈನೋವೆಂದು ಇದೇ ಗುಳಿಗೆ ಕೊಟ್ಟರೆ ಎರಡು ಅಪಾಯ ಸೇರಿದಂತಾಯಿತು. ಬೀಡಿಯಿಂದಲೋ ಒಲೆಯ ಹೊಗೆಯಿಂದಲೋ ಹಳೆಯ ಕ್ಷಯದಿಂದಲೋ ಶ್ವಾಸಕೋಶ ಅರ್ಧವಾದವರಲ್ಲಿ ಉಸಿರಿನ ಕಾವಲುಗಾರ ಮೊದಲೇ ದಣಿದಿರುತ್ತಾನೆ. ಪ್ರಾಸ್ಟೇಟ್ ಊದಿದ ಗಂಡಸರಿಗೆ ಮೂತ್ರ ಕಟ್ಟಬಹುದು. ಮಲಬದ್ಧತೆಯಂತೂ ಎಲ್ಲರಿಗೂ ಬರುವಂಥದ್ದು, ಅದಕ್ಕೆ ಮೊದಲ ದಿನದಿಂದಲೇ ಉಪಾಯ ಬೇಕು. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ, ಎದೆಹಾಲು ಕುಡಿಸುವ ತಾಯಂದಿರಿಗೆ ಕೊಡೀನ್ ಮತ್ತು ಟ್ರಮಡಾಲ್ ಬೇಡವೆಂದು ಅಮೆರಿಕದ ಅದೇ ಸಂಸ್ಥೆ 2017ರಲ್ಲಿ ಹೇಳಿತು. ಕೆಲವರ ಯಕೃತ್ತು ಹುಟ್ಟಿನಿಂದಲೇ ಚುರುಕು. ಅಂಥವರ ದೇಹದಲ್ಲಿ ಕೊಡೀನ್ ಬೇಗನೆ ಮಾರ್ಫಿನ್ ಆಗಿಬಿಡುತ್ತದೆ, ಅದು ಹಾಲಿನಲ್ಲಿ ಕೂಸಿಗೂ ಇಳಿಯುತ್ತದೆ. ಅಂಥ ಯಕೃತ್ತು ಯಾರದೆಂದು ಮುಖ ನೋಡಿ ಹೇಳಲಾಗದು.

ಚನ್ನಗಿರಿಯ ತೋಟಗಳಲ್ಲಿ ಕೊಯ್ಲಿನ ಕಾಲಕ್ಕೆ ನನ್ನ ಚಿಂತೆ ಬೇರೆ. ಅಡಿಕೆ ಮರ ಏರುವವರು, ದೋಟಿ ಹಿಡಿದು ಕತ್ತು ಮೇಲೆ ಮಾಡಿ ದಿನವಿಡೀ ಗೊನೆ ಇಳಿಸುವವರು, ರಾತ್ರಿಯೆಲ್ಲ ಕೂತು ಸುಲಿಯುವ ಹೆಂಗಸರು, ಇವರ ಬೆನ್ನು, ಭುಜದ ನೋವು ಸುಳ್ಳಲ್ಲ. ಖೇಣಿ ಹಿಡಿದವರಿಗೆ ಕೆಲಸ ನಿಲ್ಲಬಾರದು. 'ಒಂದು ಗುಳಿಗೆ ನುಂಗಿ ಹತ್ತು' ಎನ್ನುವುದು ಅತಿ ಸುಲಭ. ಈ ಗುಳಿಗೆ ತಲೆ ತಿರುಗಿಸುತ್ತದೆ, ಎದ್ದು ನಿಂತಾಗ ರಕ್ತದೊತ್ತಡ ಇಳಿಸುತ್ತದೆ, ಅದರಲ್ಲೂ ಮೊದಲೆರಡು ದಿನ. ಅದನ್ನು ನುಂಗಿ ಅಡಿಕೆ ಮರ ಹತ್ತಿಸುವುದು, ಟ್ರ್ಯಾಕ್ಟರ್ ಓಡಿಸುವುದು, ಸುಲಿಯುವ ಯಂತ್ರಕ್ಕೆ ಕೈ ಕೊಡುವುದು ಬೇಡವೇ ಬೇಡ. ಹೇಳುವ ಹೊಣೆ ಕೂಲಿಯವನದ್ದಲ್ಲ, ಗುಳಿಗೆ ಕೊಡಿಸಿದವರದ್ದು.

ರಾತ್ರಿ ಯಾರಾದರೂ ಗೊರಗೊರ ಎನ್ನುತ್ತಾ ಮಲಗಿದ್ದು, ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಹತ್ತಕ್ಕಿಂತ ಕಡಿಮೆಯಿದ್ದರೆ, ತುಟಿ ನೀಲಿಗಟ್ಟಿದ್ದರೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಹುಳಿ ಮಜ್ಜಿಗೆ, ನಿಂಬೆಹಣ್ಣಿನ ರಸ ಎಂದು ಬಾಯಿಗೆ ಏನನ್ನೂ ಹಾಕಬೇಡಿ, ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ನಲೊಕ್ಸೋನ್ ಎಂಬ ಚುಚ್ಚುಮದ್ದಿದೆ, ಉಸಿರಿಗೆ ಆಸರೆ ಕೊಡುವ ಯಂತ್ರವಿದೆ. ಹೋಗುವಾಗ ಚೀಲವನ್ನು ಪೂರ್ತಿ ತೆಗೆದುಕೊಂಡು ಹೋಗಿ. ಇದಕ್ಕೆ ಒಂದು ವಿಶೇಷ ಕಾರಣವಿದೆ. ನಮ್ಮ ಭತ್ತ, ಮೆಕ್ಕೆಜೋಳದ ಸೀಮೆಯಲ್ಲಿ ಪಾಪೆ ಸೂಜಿಮೊನೆಯಷ್ಟಾದ ರೋಗಿ ಬಂದ ಕೂಡಲೇ ವೈದ್ಯರ ಮನಸ್ಸಿಗೆ ಹೊಳೆಯುವುದು ಕೀಟನಾಶಕ. ಕೀಟನಾಶಕ ಸೇವಿಸಿದವರಲ್ಲಿ ಸಾಮಾನ್ಯವಾಗಿ ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಭೇದಿ ಇರುತ್ತದೆ. ಅಫೀಮು ಬಳಗದ್ದಾದರೆ ಮೈ ಒಣಗಿದ್ದು ಉಸಿರು ಮಾತ್ರ ಇಳಿದಿರುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ. ಖಾಲಿ ಪಟ್ಟಿಯೊಂದು ಆ ಹೊತ್ತಿನಲ್ಲಿ ಅರ್ಧ ಗಂಟೆ ಉಳಿಸುತ್ತದೆ.

ಪಟ್ಟಿ ಗುರುತಿಸುವುದು ಹೇಗೆ? ಮಾದಕವಸ್ತು ಕಾಯ್ದೆಗೆ ಒಳಪಟ್ಟ ಇಂಥ ಗುಳಿಗೆಯ ಪಟ್ಟಿಯ ಮೇಲೆ ಇಂಗ್ಲಿಷಿನ ಎನ್, ಆರ್, ಎಕ್ಸ್ ಎಂಬ ಮೂರು ಅಕ್ಷರ ಕೆಂಪಿನಲ್ಲಿ ಅಚ್ಚಾಗಿರುತ್ತದೆ. ಓದಲು ಬಾರದವರೂ ಮನೆಯ ಶಾಲೆ ಮಕ್ಕಳ ಕೈಲಿ ತೋರಿಸಿಕೊಳ್ಳಬಹುದು. 2014ರ ಮಾರ್ಚಿನಿಂದ ಇಂಥ ಔಷಧಕ್ಕೆ ಚೀಟಿ ಬೇಕು, ಅಂಗಡಿಯವರು ಕೊಂಡವರ, ಬರೆದವರ ಹೆಸರು ನಮೂದಿಸಿ ಆ ಪುಸ್ತಕವನ್ನು ಮೂರು ವರ್ಷ ಇಟ್ಟಿರಬೇಕು. ಸಂತೆಯ ದಿನದ ಗಡಿಬಿಡಿಯಲ್ಲಿ ಆ ಪುಸ್ತಕ ಎಷ್ಟು ಸಲ ತೆರೆಯುತ್ತದೋ ಅಂಗಡಿಯವರೇ ಹೇಳಬೇಕು. ಪಟ್ಟಿ ಕತ್ತರಿಸಿ ಕೊಡುವಾಗ ಹೆಸರು ಇರುವ ತುಂಡನ್ನೇ ಕೇಳಿ ತೆಗೆದುಕೊಳ್ಳಿ. ಕಾಗದದಲ್ಲಿ ಮಡಿಸಿ ಕೊಟ್ಟ ಹೆಸರಿಲ್ಲದ ಗುಳಿಗೆಯನ್ನು, ಕೊಟ್ಟವರು ಎಷ್ಟೇ ಬೇಕಾದವರಾಗಿರಲಿ, ಒಪ್ಪಬೇಡಿ.

ತಿಂಗಳುಗಟ್ಟಲೆ ನುಂಗಿದವರು ಈ ಲೇಖನ ಓದಿ ನಾಳೆಯೇ ನಿಲ್ಲಿಸಬಾರದು. ಥಟ್ಟನೆ ನಿಲ್ಲಿಸಿದರೆ ಮೈಕೈ ನೋವು, ಮೂಗು ಸೋರುವಿಕೆ, ಭೇದಿ, ನಿದ್ದೆಗೇಡು ಶುರುವಾಗುತ್ತದೆ. ರೋಗಿ ಅದನ್ನೇ 'ನೋಡಿ, ಗುಳಿಗೆ ಬಿಟ್ಟರೆ ನೋವು ಮರಳಿ ಬರುತ್ತದೆ' ಎಂದು ತಿಳಿಯುತ್ತಾನೆ. ಅದು ಹಳೆಯ ನೋವಲ್ಲ, ದೇಹ ಗುಳಿಗೆಯನ್ನು ಕೇಳುತ್ತಿರುವ ಸದ್ದು. ವೈದ್ಯರ ಸಲಹೆಯಂತೆ ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಇಳಿಸಿದರೆ ಬಿಡಬಹುದು. ಕಷ್ಟವಾದರೆ ದಾವಣಗೆರೆ, ಶಿವಮೊಗ್ಗಗಳ ದೊಡ್ಡ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. 14416ಕ್ಕೆ ಉಚಿತವಾಗಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಬರೆದ ಮೇಲೆ ಒಂದು ಹೆದರಿಕೆ ನನಗೂ ಇದೆ. ಇದನ್ನು ಓದಿದ ಮಗನೊಬ್ಬ, ಬಾಯಿಯ ಕ್ಯಾನ್ಸರಿನಿಂದ ನರಳುತ್ತಿರುವ ತಂದೆಗೆ ವೈದ್ಯರು ಬರೆದ ಮಾರ್ಫಿನ್ ಗುಳಿಗೆಯನ್ನು 'ಅಫೀಮು, ಬೇಡ' ಎಂದು ಬದಿಗಿಟ್ಟುಬಿಟ್ಟರೆ? ಗುಟ್ಕಾ, ತಂಬಾಕು ಸೇರಿದ ಎಲೆಅಡಿಕೆ ಇರುವ ನಾಡಿನಲ್ಲಿ ಆ ಕ್ಯಾನ್ಸರ್ ಅಪರೂಪವಲ್ಲ. ಅಂಥ ನೋವಿಗೆ ಮಾರ್ಫಿನ್ ಸರಿಯಾದ ಔಷಧ. ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತರಲಾಯಿತು. ಹೊತ್ತಿಗೆ ಸರಿಯಾಗಿ, ವೈದ್ಯರ ಕಣ್ಣಳತೆಯಲ್ಲಿ ಕೊಟ್ಟರೆ ರೋಗಿ ಕುಳಿತು ಮಾತಾಡುತ್ತಾನೆ, ನಾಲ್ಕು ತುತ್ತು ಉಣ್ಣುತ್ತಾನೆ. ಅದನ್ನು ತಪ್ಪಿಸಬೇಡಿ.

ರೋಗಿ ಗುಣವಾದ ಮೇಲೆ, ಅಥವಾ ತೀರಿಹೋದ ಮೇಲೆ, ಉಳಿದ ಗುಳಿಗೆಗಳನ್ನು ಮಾತ್ರ 'ಯಾರಿಗಾದರೂ ಬೇಕಾದೀತು' ಎಂದು ಗೂಟದ ಚೀಲದಲ್ಲಿ ಬಿಡಬೇಡಿ. ಟ್ರಮಡಾಲ್, ಟಾಪೆಂಟಡಾಲ್, ಮಾರ್ಫಿನ್, ಡಯಜೆಪಾಮ್ ಮುಂತಾದ ಕೆಲವನ್ನು ಕಸದ ಬುಟ್ಟಿಗೂ ಎಸೆಯದೆ ಶೌಚಾಲಯಕ್ಕೆ ಸುರಿದು ನೀರು ಬಿಡಬೇಕೆಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಉಳಿದ ಔಷಧಗಳನ್ನು ಹಾಗೆ ಮಾಡುವಂತಿಲ್ಲ. ಇವು ಒಂದೊಂದು ಗುಳಿಗೆಯೂ ಮನೆಯ ಪುಟ್ಟ ಮಕ್ಕಳ ಪಾಲಿಗೆ ಅಪಾಯವಾದ್ದರಿಂದ ಇವಕ್ಕೆ ಮಾತ್ರ ಈ ಏರ್ಪಾಡು.